ಶಹಬ್ಬಾಸ್ ಮಾತಾ, ತಿಂಗಳ ಪ್ರಶಸ್ತಿಯಾ, ಬೋನಸ್ಸಾ? ನಿಮ್ಮ ತಂಡಕ್ಕೆ ಯಾವುದು ಹೊಂದುತ್ತದೆ

ತಂಡ ನಡೆಸುವವರು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಾರೆ. "ನಮ್ಮವರು ಚೆನ್ನಾಗಿ ಕೆಲಸ ಮಾಡ್ತಿದ್ದಾರೆ. ಅದನ್ನ ಗುರುತಿಸಬೇಕು ಅಂತ ಮನಸ್ಸಿದೆ, ಒಂದಿಷ್ಟು ದುಡ್ಡೂ ತೆಗೆದಿಟ್ಟಿದ್ದೇವೆ. ಆದರೆ ತಿಂಗಳ ಪ್ರಶಸ್ತಿ ಶುರು ಮಾಡೋದಾ, ಬೋನಸ್ ಕೊಡೋದಾ, ಆ ಪಾಯಿಂಟ್ಸ್ ಆ್ಯಪ್ ತಗೊಳ್ಳೋದಾ, ಇಲ್ಲಾ ಎಲ್ಲರನ್ನೂ ಒಂದು ದಿನ ಹೊರಗೆ ಕರ್ಕೊಂಡು ಹೋಗೋದಾ?" ಎಲ್ಲವೂ ಒಳ್ಳೆಯದೇ ಅನ್ನಿಸುವಾಗ ಆರಿಸುವುದು ಕಷ್ಟ.

ನಾನು ಮೊದಲ ಸಲ ಹನ್ನೊಂದು ಜನರ ತಂಡದ ಹೊಣೆ ಹೊತ್ತಾಗ ನನಗೂ ಇದೇ ಗೊಂದಲ ಇತ್ತು. ಆ ಕಂಪನಿಯಲ್ಲಿ ವರ್ಷಕ್ಕೊಮ್ಮೆ ದೊಡ್ಡ ಸಮಾರಂಭ ಮಾಡಿ ಪ್ರಶಸ್ತಿ ಕೊಡುತ್ತಿದ್ದರು. ನಮ್ಮಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಒಂದು ವರ್ಷ ಗಾಜಿನ ಫಲಕ ಸಿಕ್ಕಿತು. ಎರಡು ವರ್ಷ ಕಳೆದ ಮೇಲೆ ಅವರು ಕೆಲಸ ಬಿಟ್ಟರು. ಕೊನೆಯ ದಿನ ಡ್ರಾಯರ್ ಖಾಲಿ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಫಲಕವನ್ನು ಹಳೇ ಫೈಲುಗಳ ಜೊತೆ ಅಲ್ಲೇ ಬಿಟ್ಟರು. ಐಡಿ ಕಾರ್ಡ್ ವಾಪಸ್ ಕೊಡುವ ಮುಂಚೆ ಅದರ ಪೌಚಿನೊಳಗಿಂದ ಮಡಚಿದ ಒಂದು ಹಳದಿ ಚೀಟಿ ತೆಗೆದು ಪರ್ಸಿಗೆ ಹಾಕಿಕೊಂಡರು. ಏನದು ಅಂದೆ. ತೋರಿಸಿದರು. ಪಕ್ಕದ ವಿಭಾಗದವರು ಬರೆದ ಎರಡು ಸಾಲು: "ಮೊನ್ನೆ ರಾತ್ರಿ ಅಷ್ಟೂ ಇನ್‌ವಾಯ್ಸ್ ಮತ್ತೆ ತಾಳೆ ನೋಡಿದಿರಿ. ನೀವು ಆ ತಪ್ಪು ಹಿಡಿಯದಿದ್ದರೆ ಬೆಳಿಗ್ಗೆ ಗ್ರಾಹಕರ ಮುಂದೆ ನಾನು ತಲೆ ತಗ್ಗಿಸಬೇಕಿತ್ತು." ಮಡಿಕೆಯ ಜಾಗದಲ್ಲಿ ಕಾಗದ ಹರಿಯುವ ಹಾಗಾಗಿತ್ತು. ಮತ್ತೆ ಮತ್ತೆ ಬಿಡಿಸಿ ಓದಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಫಲಕ ಕೊಟ್ಟ ದೊಡ್ಡವರಿಗೆ ಆ ರಾತ್ರಿಯ ವಿಷಯವೇ ಗೊತ್ತಿರಲಿಲ್ಲ. ಚೀಟಿ ಬರೆದವರಿಗೆ ಗೊತ್ತಿತ್ತು. ಮುಂದೆ ನಾನು ಹೇಳುವುದೆಲ್ಲ ಆ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ

ಸಂಬಳ ಸರಿಯಾಗಿದೆಯಾ? ಸಮಯಕ್ಕೆ ಬರುತ್ತಿದೆಯಾ? ಒಂದೇ ಕೆಲಸಕ್ಕೆ ಇಬ್ಬರಿಗೆ ಎರಡು ರೀತಿ ಕೊಡುತ್ತಿದ್ದೀರಾ? ಬಾಕಿ ಉಳಿದ ಓವರ್‌ಟೈಮ್ ಇದೆಯಾ? ಇದರಲ್ಲಿ ಒಂದಾದರೂ ಕೆಟ್ಟಿದ್ದರೆ ಇಲ್ಲಿಗೇ ನಿಲ್ಲಿಸಿ, ತೆಗೆದಿಟ್ಟ ದುಡ್ಡನ್ನು ಮೊದಲು ಅಲ್ಲಿ ಹಾಕಿ.

ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಹರ್ಜ್‌ಬರ್ಗ್ 1950ರ ದಶಕದಲ್ಲಿ ಸುಮಾರು 200 ಇಂಜಿನಿಯರುಗಳನ್ನೂ ಅಕೌಂಟೆಂಟ್‌ಗಳನ್ನೂ ಮಾತಾಡಿಸಿದರು. ಕೆಲಸದಲ್ಲಿ ತುಂಬಾ ಖುಷಿ ಆದ ಸಂದರ್ಭ ಯಾವುದು, ತುಂಬಾ ಬೇಸರ ಆದದ್ದು ಯಾವಾಗ ಅಂತ ಕೇಳಿದರು. ಖುಷಿ ಕೊಟ್ಟ ಕಾರಣಗಳು ಬೇರೆ, ಬೇಸರ ತಂದ ಕಾರಣಗಳು ಬೇರೆ ಇದ್ದವು. ಕಂಪನಿಯ ನಿಯಮ, ಮೇಲಿನವರ ನಡವಳಿಕೆ, ಸಂಬಳ, ಕೆಲಸದ ಜಾಗದ ಸ್ಥಿತಿ ಇವು ಕೆಟ್ಟರೆ ಬೇಸರ. ಸಾಧನೆ, ಮೆಚ್ಚುಗೆ, ಹೊಣೆ, ಬೆಳವಣಿಗೆ ಇವು ಸಿಕ್ಕರೆ ಖುಷಿ. ಅವರ ವಿಧಾನದ ಬಗ್ಗೆ ಆಮೇಲೆ ಸಾಕಷ್ಟು ತಕರಾರು ಬಂದಿವೆ, ನಿಜ. ಆದರೆ ಒಂದು ಮಾತನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೇಸರದ ಕಾರಣ ಹಾಗೇ ಇಟ್ಟುಕೊಂಡು ಮೇಲೆ ಮೆಚ್ಚುಗೆ ಸುರಿದರೆ ಜನ ಅದನ್ನು ಅವಮಾನ ಅಂತಲೇ ತಿಳಿಯುತ್ತಾರೆ. ಎರಡು ತಿಂಗಳ ಸಂಬಳ ತಡ ಮಾಡಿ ಮೂರನೇ ತಿಂಗಳು ಪ್ರಶಸ್ತಿ ಕೊಟ್ಟರೆ ಚಪ್ಪಾಳೆ ತಟ್ಟುವವರ ಮುಖ ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ಅಳೆಯುವುದು ಯಾವುದರಿಂದ

ನಾನು ಯಾವ ಆಯ್ಕೆ ಬಂದರೂ ಐದು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಕೆಲಸವನ್ನು ಹತ್ತಿರದಿಂದ ನೋಡಿದವರು ಹೇಳುತ್ತಿದ್ದಾರಾ? ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುತ್ತೇನೆ. ಎರಡನೆಯದು, ಎಷ್ಟು ಬೇಗ ತಲುಪುತ್ತದೆ? ಮಾರ್ಚಿನಲ್ಲಿ ಮಾಡಿದ ಕೆಲಸಕ್ಕೆ ಡಿಸೆಂಬರಿನಲ್ಲಿ ಮೆಚ್ಚುಗೆ ಬಂದರೆ ಯಾವುದಕ್ಕೆ ಅಂತ ಅವರಿಗೇ ನೆನಪಿರುವುದಿಲ್ಲ. ಮೂರನೆಯದು, ಸಿಗದೇ ಉಳಿದವರಿಗೆ ಏನಾಗುತ್ತದೆ? ಇದನ್ನು ಕೇಳಿಕೊಳ್ಳುವವರು ಕಡಿಮೆ. ಒಬ್ಬರಿಗೆ ಕೊಡುವಾಗ ಉಳಿದ ಹತ್ತು ಜನ ನೋಡುತ್ತಿರುತ್ತಾರೆ ಅಲ್ವಾ? ನಾಲ್ಕನೆಯದು ಖರ್ಚು. ದುಡ್ಡು ಮಾತ್ರ ಅಲ್ಲ, ಮ್ಯಾನೇಜರ್‌ಗಳ ಸಮಯವನ್ನೂ ಸೇರಿಸಿ. ಐದನೆಯದು, ಹುರುಪು ಇಳಿದ ಮೇಲೂ, ಅಂದರೆ ಎಂಟು-ಹತ್ತು ತಿಂಗಳಾದ ಮೇಲೂ ಇದು ನಡೆಯುತ್ತದಾ?

ಇನ್ನೊಂದು ಸಣ್ಣ ವಿಷಯ. ಮೆಚ್ಚುಗೆ ಬೇರೆ, ಜನ ಮನಸ್ಸಿಟ್ಟು ಕೆಲಸದಲ್ಲಿ ತೊಡಗುವುದು ಬೇರೆ. ಹಾಗೆ ತೊಡಗುವುದಕ್ಕೆ ಎಂಗೇಜ್‌ಮೆಂಟ್ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಅದನ್ನು ಕೆಲಸದ ಜಾಗಕ್ಕೆ ತಂದು ಮೊದಲು ವಿವರವಾಗಿ ಬರೆದವರು ಸಂಶೋಧಕ ವಿಲಿಯಂ ಕಾನ್, 1990ರಲ್ಲಿ. ಅವರು ಒಂದು ಬೇಸಿಗೆ ಶಿಬಿರದ ಸಿಬ್ಬಂದಿಯನ್ನೂ ಒಂದು ಕಟ್ಟಡ ವಿನ್ಯಾಸದ ಸಂಸ್ಥೆಯನ್ನೂ ಗಮನಿಸಿದ್ದರು. ಜನ ಕೆಲಸಕ್ಕೆ ಮನಸ್ಸು ಕೊಡುವುದಕ್ಕೆ ಮೂರು ಬೇಕು ಅಂದರು. ಈ ಕೆಲಸಕ್ಕೆ ಅರ್ಥ ಇದೆ ಅನ್ನಿಸಬೇಕು. ಮನಸ್ಸಿನಲ್ಲಿದ್ದದ್ದು ಹೇಳಿದರೆ ತೊಂದರೆ ಆಗಲ್ಲ ಅನ್ನುವ ಧೈರ್ಯ ಇರಬೇಕು. ಮೈಯಲ್ಲಿ, ಮನಸ್ಸಿನಲ್ಲಿ ಅದಕ್ಕೆ ಬೇಕಾದ ಶಕ್ತಿ ಉಳಿದಿರಬೇಕು. ಮೆಚ್ಚುಗೆ ಮೊದಲನೆಯದಕ್ಕೆ ತುಂಬಾ ಸಹಾಯ ಮಾಡುತ್ತದೆ, ಎರಡನೆಯದಕ್ಕೆ ಸ್ವಲ್ಪ. ಮೂರನೆಯದಕ್ಕೆ ಏನೂ ಮಾಡಲ್ಲ. ದಣಿದವರಿಗೆ ರಜೆ ಬೇಕು.

ಬಾಯಿ ಮಾತು, ಕೈಬರಹದ ಚೀಟಿ

ಇದರಲ್ಲಿ ದುಡ್ಡಿನ ಖರ್ಚೇ ಇಲ್ಲ. ಅದಕ್ಕೇ ಎಲ್ಲರೂ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನ್ನ ಐದು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇದು ಚೆನ್ನಾಗಿ ಉತ್ತರ ಕೊಡುತ್ತದೆ. ಹತ್ತಿರದವರೇ ಹೇಳುತ್ತಾರೆ, ಅವತ್ತೇ ಹೇಳಬಹುದು, ಉಳಿದವರಿಗೆ ನೋವಾಗಲ್ಲ, ಬಜೆಟ್ ಬೇಡ. ಸೋಲುವುದು ಐದನೆಯದರಲ್ಲಿ. ಮ್ಯಾನೇಜರ್ ನೆನಪಿಟ್ಟು ಹೇಳಬೇಕು. ಕೆಲಸದ ಒತ್ತಡ ಬಂದಾಗ ಮೊದಲು ಬಿಟ್ಟುಹೋಗುವುದೇ ಇದು.

ಮುಜುಗರವೂ ಅಡ್ಡ ಬರುತ್ತದೆ. "ಹೇಳಿದರೆ ನಾಟಕ ಅಂದ್ಕೋತಾರೇನೋ" ಅಂತ ಎಷ್ಟೋ ಮ್ಯಾನೇಜರ್‌ಗಳು ನನ್ನ ಹತ್ತಿರ ಹೇಳಿದ್ದಾರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಜನರಿಂದ ಕೃತಜ್ಞತೆಯ ಪತ್ರ ಬರೆಸಿದರು. ಓದಿದವರಿಗೆ ಹೇಗನ್ನಿಸಬಹುದು ಅಂತ ಊಹಿಸಲು ಹೇಳಿದರು. ಆಮೇಲೆ ಓದಿದವರನ್ನೇ ಕೇಳಿದರು. ಬರೆದವರು ಅಂದುಕೊಂಡದ್ದಕ್ಕಿಂತ ಓದಿದವರಿಗೆ ಜಾಸ್ತಿ ಖುಷಿಯಾಗಿತ್ತು, ಮುಜುಗರ ಕಡಿಮೆ ಆಗಿತ್ತು. ಬರೆಯುವವರು ಪದ ಸರಿಯಾಯಿತೋ ಇಲ್ಲವೋ ಅಂತ ತಲೆ ಕೆಡಿಸಿಕೊಂಡಿದ್ದರು. ಓದುವವರು ನೋಡಿದ್ದು ಅದರಲ್ಲಿದ್ದ ಪ್ರೀತಿಯನ್ನು. ಹಾಗಾಗಿ ಸುಮ್ನೆ ಹೇಳಿಬಿಡಿ, ಚೆಂದದ ಮಾತು ಹುಡುಕುತ್ತಾ ಕೂರಬೇಡಿ.

ಒಂದು ಎಚ್ಚರ ಮಾತ್ರ ಬೇಕು. ಮೆಚ್ಚಬೇಕಾದದ್ದು ಕೆಲಸವನ್ನು, ವ್ಯಕ್ತಿಯ ಗುಣವನ್ನಲ್ಲ. "ನೀವು ತುಂಬಾ ಬುದ್ಧಿವಂತರು" ಅನ್ನುವುದಕ್ಕಿಂತ "ಆ ವರದಿಯಲ್ಲಿ ಮೂರನೇ ಪುಟದ ಕೋಷ್ಟಕ ನೀವೇ ಸೇರಿಸಿದ್ದು, ಅದರಿಂದಲೇ ನಿರ್ಧಾರ ಬೇಗ ಆಯ್ತು" ಅನ್ನುವುದು ಮೇಲು. ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ನೂರಾರು ಪರೀಕ್ಷೆಗಳ ಫಲಿತಾಂಶ ಒಟ್ಟಿಗಿಟ್ಟು ನೋಡಿದರು. ಮೂರನೇ ಒಂದಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್, ಅಂದರೆ ಕೆಲಸ ಹೇಗಿತ್ತು ಅನ್ನುವ ಮಾತು, ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದಿಂದ ದೂರ ಸರಿದು ವ್ಯಕ್ತಿಯ ಮೇಲೆ ಹೋದಷ್ಟೂ ಅದರ ಉಪಯೋಗ ಕಡಿಮೆಯಾಗುತ್ತದೆ ಎಂದು ಅವರು ವಾದಿಸಿದರು. ಹೊಗಳಿಕೆಗೂ ಇದೇ ಮಾತು.

ಎಲ್ಲರೆದುರು ಹೇಳಬೇಕಾ, ಒಬ್ಬರೇ ಇದ್ದಾಗಲಾ ಅಂತಲೂ ಕೇಳುತ್ತಾರೆ. ಅವರನ್ನೇ ಕೇಳಿ. ಸಭೆಯಲ್ಲಿ ಹೆಸರು ಕರೆದರೆ ಕೆಲವರ ಮುಖ ಅರಳುತ್ತದೆ. ಕೆಲವರು ನೆಲ ನೋಡುತ್ತಾ ಕೂರುತ್ತಾರೆ, ಅವರಿಗೆ ಚೀಟಿಯೇ ಸರಿ.

ತಿಂಗಳ ಉದ್ಯೋಗಿ, ವರ್ಷದ ಉದ್ಯೋಗಿ

ಎಲ್ಲರಿಗೂ ಮೊದಲು ಹೊಳೆಯುವುದು ಇದು. ಗೋಡೆಗೆ ಫೋಟೋ ಹಾಕುವುದು, ಒಂದು ಸರ್ಟಿಫಿಕೇಟ್ ಕೊಡುವುದು. ಖರ್ಚು ಕಡಿಮೆ, ನಡೆಸುವುದು ಸುಲಭ, ಹೊರಗಿನವರಿಗೂ ಕಾಣುತ್ತದೆ. ಆದರೆ ಮೂರನೇ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಇಪ್ಪತ್ತು ಜನರ ತಂಡ ಅಂದುಕೊಳ್ಳಿ. ವರ್ಷಕ್ಕೆ ಹನ್ನೆರಡು ಪ್ರಶಸ್ತಿ. ಮೊದಲ ಮೂರು ತಿಂಗಳು ನಿಜವಾಗಿಯೂ ಮುಂದಿರುವವರಿಗೆ ಹೋಗುತ್ತದೆ. ನಾಲ್ಕನೇ ತಿಂಗಳು ಅವರಲ್ಲೇ ಒಬ್ಬರು ಮತ್ತೆ ಮುಂದಿದ್ದಾರೆ. "ಅವರಿಗೇ ಮತ್ತೆ ಕೊಟ್ಟರೆ ಚೆನ್ನಾಗಿರಲ್ಲ" ಅಂತ ಬೇರೆಯವರಿಗೆ ಕೊಡುತ್ತೀರಿ. ಅಲ್ಲಿಂದ ಅದು ಸರದಿ ಆಗುತ್ತದೆ. ಸರದಿ ಅಂತ ತಂಡಕ್ಕೆ ಗೊತ್ತಾದ ದಿನ ಆ ಫೋಟೋಗೆ ಬೆಲೆ ಇರಲ್ಲ. ಸರದಿ ಮಾಡದೇ ಪದೇಪದೇ ಒಬ್ಬರಿಗೇ ಕೊಟ್ಟರೆ ಉಳಿದ ಹತ್ತೊಂಬತ್ತು ಜನ ಕೈಚೆಲ್ಲುತ್ತಾರೆ. ನಾನು ಎರಡು ಕಡೆ ಇದನ್ನು ನಡೆಸಿ ನೋಡಿದ್ದೇನೆ. ಎರಡೂ ಕಡೆ ವರ್ಷ ತುಂಬುವುದರೊಳಗೆ ಸರದಿಯೇ ಆಯಿತು.

ಯಾವುದಕ್ಕೆ ಪ್ರಶಸ್ತಿ ಅನ್ನುವುದೂ ಮುಖ್ಯ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬಟ್ಟೆ ಒಗೆಯುವ ದೊಡ್ಡ ಕಂಪನಿಯೊಂದಕ್ಕೆ ಐದು ಘಟಕಗಳಿದ್ದವು. ಒಂದರಲ್ಲಿ ಮಾತ್ರ ಹಾಜರಾತಿ ಬಹುಮಾನ ಶುರು ಮಾಡಿದರು. ತಿಂಗಳಿಡೀ ತಪ್ಪದೇ, ತಡ ಮಾಡದೇ ಬಂದವರಲ್ಲಿ ಲಾಟರಿ ಎತ್ತಿ ಗಿಫ್ಟ್ ಕಾರ್ಡ್ ಕೊಡುವುದು. ಜನ ನಿಯಮದ ಸಂದಿ ಹುಡುಕಿದರು. ಒಂದು ದಿನ ತಡವಾಗಿ ಅವಕಾಶ ಹೋದರೆ ಆ ತಿಂಗಳು ಉಳಿದ ದಿನ ಅಷ್ಟು ಗಮನ ಕೊಡುತ್ತಿರಲಿಲ್ಲ. ಎಲ್ಲಕ್ಕಿಂತ ಬೇಸರದ ವಿಷಯ ಅಂದರೆ, ಬಹುಮಾನ ಇಲ್ಲದಾಗಲೂ ಸಮಯಕ್ಕೆ ಬರುತ್ತಿದ್ದವರ ಕೆಲಸವೇ ಕುಗ್ಗಿತು. ಮೊದಲು ತಾವಾಗಿಯೇ ಮಾಡುತ್ತಿದ್ದ ಒಳ್ಳೆಯ ಕೆಲಸವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ ಅಂತ ಅವರಿಗೆ ಅನ್ನಿಸಿರಬೇಕು. ಘಟಕದ ಒಟ್ಟು ಉತ್ಪಾದಕತೆ ಶೇಕಡಾ 1.4ರಷ್ಟು ಇಳಿಯಿತು.

ಹಾಗಂತ ಆರಿಸಿ ಕೊಡುವುದೇ ತಪ್ಪು ಅಂತಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗ ಬೇರೆಯದೇ ಹೇಳುತ್ತದೆ. ಮೂರು ಗಂಟೆಯ ಡೇಟಾ ಎಂಟ್ರಿ ಕೆಲಸಕ್ಕೆ 300ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡು ಎಂಟೆಂಟು ಜನರ ಗುಂಪು ಮಾಡಿದ್ದರು. ಕೆಲವು ಗುಂಪಿನಲ್ಲಿ ಮುಂದಿದ್ದ ಮೂವರಿಗೆ ಮಾತ್ರ, ಕೆಲವು ಗುಂಪಿನಲ್ಲಿ ಎಲ್ಲರಿಗೂ ಧನ್ಯವಾದದ ಕಾರ್ಡ್ ಕೊಟ್ಟರು. ಮೂವರಿಗೆ ಕೊಟ್ಟ ಕಡೆ ಗುಂಪಿನ ಕೆಲಸ ಜಾಸ್ತಿ ಏರಿತು. ಏರಿಸಿದವರು ಹೆಚ್ಚಾಗಿ ಕಾರ್ಡ್ ಸಿಗದವರು. ಗುಂಪು ಚಿಕ್ಕದು, ಅಳತೆ ಸ್ಪಷ್ಟ, ಯಾರು ಮುಂದಿದ್ದಾರೆ ಅನ್ನುವುದರಲ್ಲಿ ಅನುಮಾನ ಇಲ್ಲ. ಅಂಥ ಕಡೆ ಆಯ್ದು ಕೊಟ್ಟರೆ ನಡೆಯುತ್ತದೆ. ನಿಮ್ಮ ಕೆಲಸ ಹಾಗೆ ಎಣಿಸುವಂಥದ್ದಾ ಅಂತ ನೋಡಿಕೊಳ್ಳಿ. ಮೂರು ಗಂಟೆಯಲ್ಲಿ ಕಂಡದ್ದು ಮೂರು ವರ್ಷ ಹಾಗೇ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ.

ತಿಂಗಳ ಪ್ರಶಸ್ತಿಯೇ ಬೇಕು ಅಂದರೆ ನನ್ನದೊಂದು ಸಲಹೆ. "ಉತ್ತಮ ಉದ್ಯೋಗಿ" ಅನ್ನಬೇಡಿ. ಒಂದು ಕೆಲಸಕ್ಕೆ ಕೊಡಿ. ಯಾವ ಕೆಲಸ, ಯಾವಾಗ, ಯಾರಿಗೆ ಅದರಿಂದ ಸಹಾಯ ಆಯಿತು ಅಂತ ಮೂರು ಸಾಲು ಬರೆಯಲಾಗದಿದ್ದರೆ ಆ ತಿಂಗಳು ಯಾರಿಗೂ ಕೊಡಬೇಡಿ.

ನಗದು ಬೋನಸ್ ಮತ್ತು ಉಡುಗೊರೆ

ದುಡ್ಡು ಕೊಡುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಕಂಪನಿಗೆ ಲಾಭ ಆಯಿತು, ಅದರಲ್ಲಿ ನಿಮಗೂ ಪಾಲು ಅಂದರೆ ಯಾರಿಗೆ ಬೇಸರ? ದೊಡ್ಡ ಪ್ರಾಜೆಕ್ಟ್ ಮುಗಿದಾಗ, ಎರಡು ತಿಂಗಳು ಭಾನುವಾರವೂ ದುಡಿದಾಗ ಬರೀ ಚೀಟಿ ಕೊಟ್ಟರೆ ಸಣ್ಣತನ ಆಗುತ್ತದೆ. ಅಂಥ ಕಡೆ ದುಡ್ಡೇ ಕೊಡಿ.

ಸಣ್ಣ ಮೊತ್ತದ ಮಾತು ಬೇರೆ. ಜರ್ಮನಿಯ ಒಂದು ಗ್ರಂಥಾಲಯದಲ್ಲಿ ನಡೆದ ಪ್ರಯೋಗ ನನಗೆ ತುಂಬಾ ಇಷ್ಟ. 2012ರಲ್ಲಿ ಪ್ರಕಟವಾಯಿತು. ಪುಸ್ತಕಗಳ ವಿವರ ಕಂಪ್ಯೂಟರಿಗೆ ಹಾಕಲು ಕೆಲವು ಗಂಟೆಗಳ ಮಟ್ಟಿಗೆ ವಿದ್ಯಾರ್ಥಿಗಳನ್ನು ತೆಗೆದುಕೊಂಡಿದ್ದರು. ಕೆಲವರಿಗೆ ಹೇಳಿದ್ದಕ್ಕಿಂತ 7 ಯೂರೋ ಜಾಸ್ತಿ ಸಂಬಳ ಅಂದರು. ಕೆಲವರಿಗೆ ಅಷ್ಟೇ ಬೆಲೆಯ ಒಂದು ಥರ್ಮಾಸ್ ಬಾಟಲಿಯನ್ನು ಉಡುಗೊರೆಯಾಗಿ ಕೊಟ್ಟರು. ದುಡ್ಡು ಪಡೆದವರ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಾಟಲಿ ಪಡೆದವರ ಕೆಲಸ ಸುಮಾರು ಶೇಕಡಾ 25ರಷ್ಟು ಏರಿತು. ಬಾಟಲಿ ಬೇಕಿತ್ತು ಅಂತ ಅಲ್ಲ. ದುಡ್ಡು ಬೇಕಾ, ಬಾಟಲಿ ಬೇಕಾ ಅಂತ ಕೇಳಿದರೆ ಬಹುಪಾಲು ಜನ ದುಡ್ಡನ್ನೇ ಆರಿಸಿದರು. ಇನ್ನೊಂದು ಗುಂಪಿಗೆ ನೋಟನ್ನೇ ಅಂಗಿಯ ಆಕಾರದಲ್ಲಿ ಮಡಚಿ, ನಾಣ್ಯದ ಮೇಲೆ ನಗುಮುಖ ಬರೆದು ಕೊಟ್ಟರು. ಅವರ ಕೆಲಸವೂ ಬಾಟಲಿ ಪಡೆದವರಷ್ಟೇ ಏರಿತು. ಯಾರೋ ನಮಗಾಗಿ ಕೂತು ಇಷ್ಟು ಶ್ರಮಪಟ್ಟಿದ್ದಾರೆ ಅನ್ನುವುದು ಅವರಿಗೆ ಕಂಡಿತ್ತು.

ಬಜೆಟ್ ಸಣ್ಣದಿದ್ದರೆ ಇದನ್ನು ಗಮನಿಸಿ. ಸಂಬಳದ ಸ್ಲಿಪ್ಪಿನಲ್ಲಿ ಒಂದು ಸಾಲಾಗಿ ಸೇರಿಹೋಗುವ ಸಣ್ಣ ಮೊತ್ತ ಕಣ್ಣಿಗೇ ಬೀಳಲ್ಲ. ಅಷ್ಟೇ ದುಡ್ಡಿನಲ್ಲಿ ಆ ವ್ಯಕ್ತಿಗೆ ಬೇಕಾದದ್ದನ್ನು ತಿಳಿದುಕೊಂಡು ಕೊಟ್ಟರೆ ಕಾಣುತ್ತದೆ. ತಿಳಿದುಕೊಂಡು ಅನ್ನುವುದೇ ಮುಖ್ಯ. ಕಂಪನಿಯ ಹೆಸರು ಹಾಕಿಸಿದ ಐವತ್ತು ಬಾಟಲಿ ಒಟ್ಟಿಗೆ ತರಿಸಿ ಹಂಚಿದರೆ ಅದು ಸ್ಟಾಕ್ ಖಾಲಿ ಮಾಡಿದ ಹಾಗೆ.

ದುಡ್ಡಿಗೆ ಇನ್ನೊಂದು ತೊಡಕಿದೆ. ಒಮ್ಮೆ ಕೊಟ್ಟರೆ ಮುಂದಿನ ವರ್ಷ ಅದು ಹಕ್ಕು. ನಿಲ್ಲಿಸಿದರೆ ಶಿಕ್ಷೆ ಕೊಟ್ಟ ಹಾಗೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ವಿದ್ಯಾರ್ಥಿಗಳಿಗೆ ಮೋಜಿನ ಒಗಟುಗಳನ್ನು ಕೊಟ್ಟು ನೋಡಿದ್ದರು. ಬಿಡಿಸಿದ್ದಕ್ಕೆ ದುಡ್ಡು ಪಡೆದವರು, ದುಡ್ಡು ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಒಗಟು ಮುಟ್ಟುವುದು ಕಡಿಮೆಯಾಯಿತು. ಹಾಗಾಗಿ ಜನ ಇಷ್ಟಪಟ್ಟು ಮಾಡುವ ಕೆಲಸಕ್ಕೆ ತುಂಡು ತುಂಡಾಗಿ ದರ ಕಟ್ಟಲು ಹೋಗಬೇಡಿ. ಅನೇಕ ದೇಶಗಳಲ್ಲಿ ಇಂಥ ಬೋನಸ್ ಸಂಬಳದ ಹಾಗೇ ತೆರಿಗೆಗೆ ಬರುತ್ತದೆ. ಕೈಗೆ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಿ ಆ ಮೊತ್ತವನ್ನೇ ಹೇಳಿ. ದೊಡ್ಡದು ಹೇಳಿ ಸಣ್ಣದು ಕೊಟ್ಟ ಹಾಗೆ ಆಗಬಾರದು.

ಪಾಯಿಂಟ್ಸ್ ಆ್ಯಪ್

ಸಹೋದ್ಯೋಗಿಗಳೇ ಒಬ್ಬರಿಗೊಬ್ಬರು ಮೆಚ್ಚುಗೆ ಕಳಿಸುವ ಆ್ಯಪ್‌ಗಳಿವೆ. ಪಾಯಿಂಟ್ ಸೇರಿದರೆ ವೋಚರ್ ಸಿಗುತ್ತದೆ. ಸಾಮಾನ್ಯವಾಗಿ ತಲೆಗಿಷ್ಟು ಅಂತ ತಿಂಗಳ ಶುಲ್ಕ. ವೋಚರ್ ಖರ್ಚು ಅದರ ಮೇಲೆ.

ಇದರ ಒಳ್ಳೆಯ ಗುಣ ದೊಡ್ಡದು. ಕೆಲಸವನ್ನು ಹತ್ತಿರದಿಂದ ನೋಡಿದ ಸಹೋದ್ಯೋಗಿಗೆ ಹೇಳಲು ಒಂದು ಜಾಗ ಸಿಗುತ್ತದೆ. ಮನೆಯಿಂದ ಕೆಲಸ ಮಾಡುವವರು, ಬೇರೆ ಬೇರೆ ಊರಿನ ಆಫೀಸಿನವರು ಇದ್ದರೆ ಆ ಹಳದಿ ಚೀಟಿ ಬರೆದು ಕೊಡಲು ಮೇಜೇ ಇರಲ್ಲ. ಅವರಿಗೆ ಇದು ನಿಜವಾಗಿ ಉಪಯೋಗ. ಯಾರಿಗೆ ಆರು ತಿಂಗಳಿಂದ ಒಂದು ಮೆಚ್ಚುಗೆಯೂ ಹೋಗಿಲ್ಲ ಅಂತ ನೋಡಿಕೊಳ್ಳಲೂ ಆಗುತ್ತದೆ. ನನ್ನ ಮಟ್ಟಿಗೆ ಅದಕ್ಕೇ ದುಡ್ಡು ಕೊಡಬಹುದು.

ತೊಂದರೆ ಪಾಯಿಂಟಿನಲ್ಲಿದೆ. ನೀನು ನನಗೆ ಕೊಡು, ನಾನು ನಿನಗೆ ಕೊಡ್ತೀನಿ ಅನ್ನುವುದು ಶುರುವಾಗುತ್ತದೆ. ತಿಂಗಳ ಕೊನೆಗೆ ಉಳಿದ ಪಾಯಿಂಟ್ ಹಾಳಾಗುತ್ತದೆ ಅಂತ ಸ್ನೇಹಿತರಿಗೆ "ಥ್ಯಾಂಕ್ಸ್ ಫಾರ್ ಎವ್ರಿಥಿಂಗ್" ಕಳಿಸುತ್ತಾರೆ. ಬಾಯಿ ಜೋರಿರುವವರಿಗೆ ಜಾಸ್ತಿ, ಸುಮ್ಮನೆ ಕೆಲಸ ಮಾಡುವವರಿಗೆ ಕಡಿಮೆ. ಹಾಗಾಗಿ ಮೂವತ್ತು ಜನರ ಒಳಗಿನ, ಒಂದೇ ಕಡೆ ಕೂರುವ ತಂಡಕ್ಕೆ ಇದು ಬೇಡ. ದಿನಾ ಮಾತಾಡುವ ಚಾಟ್ ಗ್ರೂಪಿನಲ್ಲೇ ಮೆಚ್ಚುಗೆಗೆ ಅಂತ ಒಂದು ಥ್ರೆಡ್ ಸಾಕು. ಕಾರ್ಖಾನೆಯಲ್ಲಿ, ಗೋದಾಮಿನಲ್ಲಿ ಶಿಫ್ಟ್ ವೇಳೆ ಫೋನ್ ಹಿಡಿಯುವಂತಿಲ್ಲ ಅಂದರೂ ಬೇಡ. ಆಫೀಸಿನವರಿಗೆ ಮಾತ್ರ ಪಾಯಿಂಟ್ ಸೇರುತ್ತದೆ, ಕೆಳಗೆ ದುಡಿಯುವವರ ಹೆಸರು ಪಟ್ಟಿಯಲ್ಲೇ ಬರಲ್ಲ. ದೊಡ್ಡ ಕಂಪನಿಗೆ ತೆಗೆದುಕೊಳ್ಳುವುದಾದರೆ ಮೊದಲ ಆರು ತಿಂಗಳು ಪಾಯಿಂಟ್ ಇಲ್ಲದೆ, ಬರೀ ಮಾತಿನಿಂದ ನಡೆಸಿ. ಆಗ ಜನ ಬರೆಯುತ್ತಾರಾ ನೋಡಿ. ಬರೆಯದಿದ್ದರೆ ಪಾಯಿಂಟ್ ಸೇರಿಸಿದ ಮೇಲೆ ಬರೆಯುವುದು ಪಾಯಿಂಟಿಗಾಗಿಯೇ.

ಔಟಿಂಗ್, ಪಾರ್ಟಿ, ಸೇವೆಯ ವರ್ಷಕ್ಕೆ ಸನ್ಮಾನ

ಔಟಿಂಗ್ ಒಳ್ಳೆಯದು, ಆದರೆ ಅದನ್ನು ಮೆಚ್ಚುಗೆ ಅಂತ ಲೆಕ್ಕ ಹಾಕಬೇಡಿ. ಹೊಸಬರು ಜಾಸ್ತಿ ಇದ್ದಾಗ, ಎರಡು ತಂಡ ಸೇರಿಸಿದಾಗ ಪರಿಚಯ ಬೆಳೆಯಲು ಇಡಿ. ಕೆಲಸದ ದಿನದಲ್ಲೇ ಇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ, ವಯಸ್ಸಾದ ತಂದೆ-ತಾಯಿ ಇರುವವರಿಗೆ ವಾರದ ರಜೆಯ ಔಟಿಂಗ್ ಅಂದರೆ ಇನ್ನೊಂದು ಡ್ಯೂಟಿ.

ಐದು ವರ್ಷ, ಹತ್ತು ವರ್ಷ ತುಂಬಿದ್ದಕ್ಕೆ ಕೊಡುವ ಸನ್ಮಾನದಲ್ಲಿ ಯಾರಿಗೂ ಅನ್ಯಾಯ ಇಲ್ಲ, ಎಲ್ಲರಿಗೂ ಸರದಿ ಬರುತ್ತದೆ. ಉಡುಗೊರೆ ಏನೇ ಇರಲಿ, ಆ ವರ್ಷಗಳಲ್ಲಿ ಅವರು ಏನು ಮಾಡಿದರು ಅಂತ ಹೇಳಬಲ್ಲ ಒಬ್ಬರು ಎದ್ದು ನಿಂತು ಮಾತಾಡಲಿ.

ಕೇಳುವುದು, ಹೊಣೆ ಕೊಡುವುದು

ಇದನ್ನು ಯಾರೂ ಆಯ್ಕೆಗಳ ಪಟ್ಟಿಯಲ್ಲೇ ಸೇರಿಸುವುದಿಲ್ಲ. ನಾನು ಚೀಟಿಯ ಪಕ್ಕದಲ್ಲೇ ಇಡುತ್ತೇನೆ.

ಎರಡು ವಾರಕ್ಕೊಮ್ಮೆ ಅರ್ಧ ಗಂಟೆ, ಒಬ್ಬೊಬ್ಬರ ಜೊತೆ ಕೂರುವುದು. ಕೆಲಸದ ವರದಿ ಕೇಳಲು ಅಲ್ಲ. "ಯಾವುದು ಅಡ್ಡ ಬರ್ತಿದೆ? ನಾನು ಏನು ತೆಗೆದರೆ ನಿಮಗೆ ಸುಲಭ ಆಗುತ್ತೆ?" ಅಷ್ಟು ಕೇಳಿ, ಬರೆದುಕೊಂಡು, ಮುಂದಿನ ಸಲ ಬರುವಷ್ಟರಲ್ಲಿ ಒಂದನ್ನಾದರೂ ಸರಿ ಮಾಡುವುದು. ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬರು ನನಗೆ ಹೇಳಿದ್ದು ಇಷ್ಟೇ: "ಸರಿಯಾದ ಎತ್ತರದ ಟೇಬಲ್ ಕೊಡಿಸಿ, ದಿನಾ ಬಗ್ಗಿ ಬಗ್ಗಿ ಸೊಂಟ ಹೋಗಿದೆ." ಟೇಬಲ್ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆವು. ಒಂದು ಮಧ್ಯಾಹ್ನದ ಕೆಲಸ. ಅವರು ಅದನ್ನು ಕನಿಷ್ಠ ನಾಲ್ಕು ಜನಕ್ಕೆ ಹೇಳಿದ್ದಾರೆ, ಪ್ರತಿ ಸಲ ಕೈಯಲ್ಲಿ ಎತ್ತರ ತೋರಿಸುತ್ತಾ. ನಾವು ಕೊಟ್ಟ ಯಾವ ಪ್ರಶಸ್ತಿಯ ಬಗ್ಗೆಯೂ ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಸಮಯದ ಲೆಕ್ಕ ಮಾಡಿ. ಎಂಟು ಜನ ಇದ್ದರೆ ಎರಡು ವಾರಕ್ಕೆ ನಾಲ್ಕು ಗಂಟೆ. ಇಪ್ಪತ್ತೈದು ಜನ ಒಬ್ಬ ಮ್ಯಾನೇಜರ್ ಕೈಕೆಳಗಿದ್ದರೆ ಹನ್ನೆರಡು ಗಂಟೆ ಮೀರುತ್ತದೆ, ನಡೆಯಲ್ಲ. ಅಂಥ ಕಡೆ ನಡುವೆ ಲೀಡ್‌ಗಳನ್ನು, ಅಂದರೆ ಸಣ್ಣ ಗುಂಪು ನೋಡಿಕೊಳ್ಳುವವರನ್ನು ಮಾಡಿ, ಅವರಿಗೆ ಇದಕ್ಕೆ ಅಂತಲೇ ಸಮಯ ಬಿಟ್ಟುಕೊಡಬೇಕು.

ಸರ್ವೆ ಮಾಡಿಸುವುದೂ ಕೇಳುವುದರಲ್ಲೇ ಬರುತ್ತದೆ. ಗ್ಯಾಲಪ್ ಸಂಸ್ಥೆಯ 12 ಪ್ರಶ್ನೆಗಳ ಸರ್ವೆ ತುಂಬಾ ಕಡೆ ಬಳಕೆಯಲ್ಲಿದೆ. ಅದರಲ್ಲಿ ಒಂದು ಪ್ರಶ್ನೆ, ಕಳೆದ ಏಳು ದಿನಗಳಲ್ಲಿ ಒಳ್ಳೆಯ ಕೆಲಸಕ್ಕೆ ಮೆಚ್ಚುಗೆ ಸಿಕ್ಕಿದೆಯಾ ಅಂತ. ಅವರು ಕೇಳಿದ್ದು ಏಳು ದಿನದ ಬಗ್ಗೆ, ವರ್ಷದ ಬಗ್ಗೆ ಅಲ್ಲ. ಆದರೆ ಸರ್ವೆಗೆ ಒಂದು ಷರತ್ತು. ಉತ್ತರ ಬಂದ ಒಂದು ತಿಂಗಳೊಳಗೆ "ನೀವು ಹೇಳಿದ್ದು ಇದು, ನಾವು ಮಾಡುವುದು ಇದು, ಇದು ಈಗ ಆಗಲ್ಲ, ಯಾಕೆ ಅಂದರೆ ಹೀಗೆ" ಅಂತ ಹೇಳಲು ತಯಾರಿಲ್ಲದಿದ್ದರೆ ಮಾಡಲೇಬೇಡಿ. ಕೇಳಿ ಸುಮ್ಮನಾದರೆ ಎರಡನೇ ಸಲ ಯಾರೂ ನಿಜ ಬರೆಯಲ್ಲ.

ಹೊಣೆ ಕೊಡುವುದೂ ಮೆಚ್ಚುಗೆಯೇ. "ಹೊಸಬರಿಗೆ ಇದನ್ನು ನೀವೇ ಕಲಿಸಿ", "ಗ್ರಾಹಕರ ಮುಂದೆ ಇದನ್ನು ನೀವೇ ವಿವರಿಸಿ" ಅನ್ನುವುದರಲ್ಲಿ ನಂಬಿಕೆ ಇದೆ. ಆದರೆ ಹೊಣೆಯ ಜೊತೆ ಹಳೆಯ ಕೆಲಸ ಸ್ವಲ್ಪ ಇಳಿಸಬೇಕು. ಎರಡು ತಿಂಗಳು ದಾಟಿ ಅದೇ ಅವರ ಖಾಯಂ ಕೆಲಸ ಆದರೆ ಹುದ್ದೆಯೂ ಸಂಬಳವೂ ಅದಕ್ಕೆ ಸರಿಯಾಗಿ ಏರಬೇಕು. ಇಲ್ಲದಿದ್ದರೆ ಒಳ್ಳೆಯ ಕೆಲಸಕ್ಕೆ ಸಿಕ್ಕ ಫಲ ಇನ್ನಷ್ಟು ಕೆಲಸ ಅಂತಾಗುತ್ತದೆ.

ಯಾರಿಗೆ ಯಾವುದು

ಹತ್ತು-ಹದಿನೈದು ಜನ, ಬಜೆಟ್ ಇಲ್ಲ ಅನ್ನುವಷ್ಟು ಕಡಿಮೆ: ಚೀಟಿ, ಮತ್ತು ಎರಡು ವಾರದ ಮಾತುಕತೆ. ಬೇರೇನೂ ಬೇಡ. ಇರುವ ಚೂರು ದುಡ್ಡು ಒಟ್ಟುಮಾಡಿ, ಯಾರಾದರೂ ನಿಜಕ್ಕೂ ದೊಡ್ಡದು ಮಾಡಿದಾಗ ಅವರಿಗೆ ಬೇಕಾದದ್ದನ್ನು ತಂದುಕೊಡಿ.

ಐವತ್ತರಿಂದ ಇನ್ನೂರು ಜನ: ಇಲ್ಲಿ ಮೇಲಿನವರಿಗೆ ಎಲ್ಲರ ಮುಖ ಗೊತ್ತಿರಲ್ಲ. ಹಾಗಾಗಿ ದುಡ್ಡನ್ನು ಕೆಳಗೆ ಹಂಚಿ. ಪ್ರತಿ ಲೀಡ್ ಕೈಯಲ್ಲಿ ಮೂರು ತಿಂಗಳಿಗೆ ಒಂದು ಸಣ್ಣ ಮೊತ್ತ ಇರಲಿ. ಯಾರ ಅನುಮತಿಯೂ ಇಲ್ಲದೆ ಅವರೇ ಖರ್ಚು ಮಾಡಲಿ, ಯಾವ ಕೆಲಸಕ್ಕೆ ಅಂತ ಮೂರು ಸಾಲು ಬರೆದಿಡಲಿ ಸಾಕು. ದೊಡ್ಡ ಸಮಾರಂಭದ ದುಡ್ಡಿನಲ್ಲಿ ಇಡೀ ವರ್ಷ ಇದನ್ನು ನಡೆಸಬಹುದು.

ಶಿಫ್ಟ್ ಕೆಲಸ: ಶಿಫ್ಟ್ ಬದಲಾಗುವ ಐದು ನಿಮಿಷ ನಿಮ್ಮ ಕೈಯಲ್ಲಿದೆ. ಹಿಂದಿನ ಶಿಫ್ಟಿನಲ್ಲಿ ಯಾರು ಏನು ಸರಿ ಮಾಡಿದರು ಅಂತ ಮುಂದಿನ ಶಿಫ್ಟಿಗೆ ಹೆಸರು ಹಿಡಿದು ಹೇಳಿ. ರಾತ್ರಿ ಪಾಳಿಯವರನ್ನು ಮರೆಯಬೇಡಿ. ಅವರ ಕೆಲಸವನ್ನು ಆಫೀಸಿನವರು ಯಾರೂ ನೋಡಿರಲ್ಲ. ತಿಂಗಳಿಗೊಮ್ಮೆಯಾದರೂ ಆ ಪಾಳಿಯಲ್ಲಿ ಹೋಗಿ ನಿಲ್ಲಿ.

ದೂರದಿಂದ ಕೆಲಸ ಮಾಡುವ ತಂಡ: ಆ್ಯಪ್ ಅಥವಾ ಒಂದು ಥ್ರೆಡ್, ಪಾಯಿಂಟ್ ಇಲ್ಲದೆ. ಜೊತೆಗೆ ಒಂದು ಫೋನ್ ಕರೆ. ಬರೀ ಮೆಚ್ಚಲು ಮಾಡಿದ ಕರೆ, ಕೊನೆಗೆ ಇನ್ನೊಂದು ಕೆಲಸ ಹೇಳದ ಕರೆ.

ಮಾರಾಟ, ಉತ್ಪಾದನೆ ಹೀಗೆ ಎಣಿಸಬಹುದಾದ ಕೆಲಸ: ನಗದು ಸರಿ, ಆಯ್ದು ಕೊಡುವುದೂ ಸರಿ. ಆದರೆ ಅವರ ಬೆನ್ನಿಗೆ ನಿಂತ ಸ್ಟೋರ್ಸ್‌ನವರು, ಬಿಲ್ಲಿಂಗ್‌ನವರು, ಮೆಷಿನ್ ರಿಪೇರಿಯವರು ಎಣಿಕೆಗೆ ಸಿಗಲ್ಲ. ಬಹುಮಾನದ ಒಂದು ಪಾಲು ಇಡೀ ಸರಪಳಿಗೆ ಹೋಗಲಿ.

ಈಗಾಗಲೇ ಒಂದು ನಡೆಯುತ್ತಿದ್ದರೆ

ಎಷ್ಟೋ ಕಡೆ ತಿಂಗಳ ಪ್ರಶಸ್ತಿ ನಡೆಯುತ್ತಲೇ ಇರುತ್ತದೆ. ಯಾರಿಗೂ ಅದರ ಮೇಲೆ ಆಸೆ ಇಲ್ಲ, ನಿಲ್ಲಿಸಲೂ ಧೈರ್ಯ ಇಲ್ಲ. ತಟ್ಟನೆ ನಿಲ್ಲಿಸಿದರೆ ಮುಂದಿನ ತಿಂಗಳು ತನಗೆ ಬರಬಹುದು ಅಂತ ಕಾಯುತ್ತಿದ್ದವರಿಗೆ ಬೇಸರವಾಗುತ್ತದೆ. ಹಾಗಾಗಿ ಹೀಗೆ ಮಾಡಿ. ಒಂದು ಮಧ್ಯಾಹ್ನ ಕೂತು ತಂಡದ ಎಲ್ಲರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ, ಹೋದ ತಿಂಗಳು ಅವರು ಮಾಡಿದ ಒಂದು ಒಳ್ಳೆಯ ಕೆಲಸ ಬರೆಯಿರಿ. ಕೆಲವು ಹೆಸರಿನ ಮುಂದೆ ಪೆನ್ನು ನಿಲ್ಲುತ್ತದೆ. ನನಗೂ ಮೊದಲ ಸಲ ಹನ್ನೊಂದರಲ್ಲಿ ನಾಲ್ಕು ಹೆಸರಿನ ಮುಂದೆ ನಿಂತಿತ್ತು. ಅವರು ಕೆಲಸ ಮಾಡಿರಲಿಲ್ಲ ಅಂತಲ್ಲ, ನಾನು ನೋಡಿರಲಿಲ್ಲ. ಆ ಬಿಲ್ಲಿಂಗ್‌ನವರ ಹೆಸರೂ ಆ ನಾಲ್ಕರಲ್ಲಿತ್ತು.

ಪೆನ್ನು ನಿಂತ ಹೆಸರುಗಳಿಂದ ಶುರು ಮಾಡಿ. ಈ ವಾರ ಅವರ ಪಕ್ಕ ಒಂದು ಗಂಟೆ ಕೂತು ಕೆಲಸ ನೋಡಿ. ಪಕ್ಕದವರನ್ನು ಕೇಳಿ. ಪ್ರಶಸ್ತಿ ಇರುತ್ತದೋ ಹೋಗುತ್ತದೋ ಅನ್ನುವುದನ್ನು ಆ ಪಟ್ಟಿ ತುಂಬಿದ ಮೇಲೆ ತೀರ್ಮಾನ ಮಾಡಿದರಾಯಿತು.